ಎಲೆ ಕಂಡರೆ ಒರೆಸುವ ಕೈ

ನಮ್ಮ ಕಡೆಯವರ ಕೈಗೆ ಒಂದು ಚಾಳಿಯಿದೆ. ಎಲೆ ಕಂಡರೆ ಒರೆಸುತ್ತದೆ. ವೀಳ್ಯದೆಲೆ ಸಿಕ್ಕಿದರೆ ಗಂಡಸರು ತೊಡೆಯ ಮೇಲಿನ ಪಂಚೆಗೆ, ಹೆಂಗಸರು ಸೆರಗಿಗೆ ಒಂದು ಸಲ ಉಜ್ಜದೆ ಸುಣ್ಣ ಹಚ್ಚುವುದಿಲ್ಲ. ಊಟಕ್ಕೆ ಬಾಳೆ ಎಲೆ ಹಾಕಿದರೆ ನೀರು ಚಿಮುಕಿಸಿ ಅಂಗೈಯಲ್ಲಿ ಸವರಿ ಆಚೆ ತಳ್ಳದೆ ಅನ್ನ ಬಡಿಸಿಕೊಳ್ಳುವುದಿಲ್ಲ. ಅದು ಆಗತಾನೆ ತೊಳೆದು ತಂದ ಎಲೆಯಾದರೂ ಸರಿ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಈ ಚಾಳಿಯಿಂದಾಗಿ ಒಂದು ವರ್ಷ ನನ್ನ ತೋಟ ಕೈಬಿಟ್ಟು ಹೋಗುವುದರಲ್ಲಿತ್ತು.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ನಾನು ಮಧುರೆ ಹೋಬಳಿಯ ಕಡೆಯಿಂದ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಪಕ್ಕದ ಒಂದು ಊರಿಗೆ ಸೊಸೆಯಾಗಿ ಬಂದೆ. ಕಳಿಸಿಕೊಡುವಾಗ ಎಲ್ಲರ ತಾಯಂದಿರೂ ಹೇಳುವ ಬುದ್ಧಿಮಾತನ್ನು ನನ್ನ ಅವ್ವ ಹೇಳಲಿಲ್ಲ. "ಅಲ್ಲಾದ್ರೂ ಒಂದ್ ಗಳಿಗೆ ಕೂತ್ಕೊಳೇ" ಎಂದಳು, ಅಷ್ಟೆ. ನಾನು ಕೂರುವವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ತವರಿನಲ್ಲಿ ಆಡಿಕೊಳ್ಳುತ್ತಿದ್ದರು. ಇದನ್ನು ಬರೆಯುತ್ತಿರುವಾಗಲೂ ನಡುವೆ ಎದ್ದು ಹೋಗಿ ಒಲೆ ನೋಡಿಕೊಂಡು ಬಂದೆ. ಒಲೆಯ ಮೇಲೆ ಏನೂ ಇಲ್ಲ.

ಹೋದ ಮನೆಯಲ್ಲಿ ನನ್ನ ಅತ್ತೆಯದೂ ಅದೇ ಜಾತಕ. ನಾನು ಗುಡಿಸಿದ ಅಂಗಳವನ್ನು ಅವರು ಮತ್ತೆ ಗುಡಿಸುತ್ತಿದ್ದರು. ಅವರು ಬೆಳಗಿಟ್ಟ ಚೊಂಬನ್ನು ನಾನು ಮತ್ತೆ ಬೆಳಗುತ್ತಿದ್ದೆ. ಒಂದು ತಿಪ್ಪೆಯನ್ನು ಎರಡು ಕೋಳಿ ಕೆದಕಿದ ಹಾಗೆ ಆ ಸಣ್ಣ ಅಡುಗೆಮನೆಯಲ್ಲಿ ಇಬ್ಬರೂ ಸುತ್ತಾಡುತ್ತಿದ್ದೆವು. ಜಗಳವಾಡಿದ್ದು ಕಡಿಮೆ, ಯಾಕೆಂದರೆ ಇಬ್ಬರಿಗೂ ಪುರುಸೊತ್ತಿರಲಿಲ್ಲ. ಅವರು ನನ್ನ ಕೈ ಹಿಡಿದು ತಡೆದದ್ದು ಒಂದೇ ಸಲ. ಅಟ್ಟದ ಮೇಲಿದ್ದ ಬೂದುಗುಂಬಳಕಾಯಿಗಳಿಗೆ ಧೂಳು ಹಿಡಿದಿದೆ ಎಂದುಕೊಂಡು ನಾನು ಒದ್ದೆ ಬಟ್ಟೆ ತೆಗೆದುಕೊಂಡು ಹತ್ತಿದ್ದೆ. "ಬೂದಿ ಮುಟ್ಟಬ್ಯಾಡ ಕಣೆ. ಬೂದಿ ಇರೋಗಂಟ ಕಾಯಿ ಕೆಡಲ್ಲ" ಎಂದರು. ಅವರ ಅವ್ವ ಹೇಳಿಕೊಟ್ಟದ್ದಂತೆ. ಕಾಯಿ ಇಳಿಸುವಾಗಲೂ ತೊಟ್ಟು ಹಿಡಿದೇ ಇಳಿಸಬೇಕು, ಮೈ ಸವರಬಾರದು.

ನನ್ನ ಗಂಡ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವುದು, ಉಂಡು ಮಲಗುವುದು. ಒಳ್ಳೆಯವರು. ಆದರೆ ಅಪ್ಪನ ಮುಂದೆ ನಿಂತರೆ ಅವರ ಗಂಟಲಿನಿಂದ ಮಾತು ಹೊರಡುತ್ತಿರಲಿಲ್ಲ.

ಇನ್ನು ಮಾವ. ಮಾವ ಸೊಸೆಯ ಜೊತೆ ನೇರವಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ನಾನು ಎದುರಿಗೇ ಇದ್ದರೂ ಅತ್ತೆಯ ಕಡೆ ತಿರುಗಿ, "ನೀರು ಕೊಡೋಕೆ ಹೇಳೆ ಅವಳಿಗೆ" ಎನ್ನುತ್ತಿದ್ದರು. ಅತ್ತೆ ಒಲೆಯ ಕಡೆ ಮುಖ ಮಾಡಿಕೊಂಡೇ, "ನೀರು ಬೇಕಂತೆ ಕಣೆ" ಎನ್ನುತ್ತಿದ್ದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಚೊಂಬನ್ನು ಹೊಸ್ತಿಲ ಹತ್ತಿರ ಇಟ್ಟು ಬಾಗಿಲ ಹಿಂದೆ ಸರಿಯುತ್ತಿದ್ದೆ. ಅತ್ತೆ ಮನೆಯಲ್ಲಿಲ್ಲದಿದ್ದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. "ಎತ್ತಿಗೆ ಬೂಸಾ ನೆನೆಸಬೇಕಾಗಿತ್ತು" ಎಂದು ಕಂಬದ ಮುಂದೆ ನಿಂತು ಹೇಳಿ ಹೋಗುವರು, ನಾನು ನೆನೆಸುವೆನು. ಅವರಿಗೆ ಅದು ಮರ್ಯಾದೆ. ನನಗೋ, ಬಾಯಲ್ಲಿ ಮಾತು ತುಂಬಿಕೊಂಡು ಓಡಾಡುವವಳಿಗೆ, ಅದರಿಂದ ಉಸಿರು ಕಟ್ಟಿದ ಹಾಗಾಗುತ್ತಿತ್ತು. ನನಗೆ ಮಕ್ಕಳಿಬ್ಬರಾದರೂ ಅವರು ನನ್ನನ್ನು ನೋಡಿ ಒಂದು ಮಾತು ಆಡಿರಲಿಲ್ಲ.

ಎಪ್ಪತ್ತರ ದಶಕ ಶುರುವಾದ ಮೇಲೆ ನಮ್ಮ ಬಾವಿಗೆ ಕರೆಂಟು ಬಂತು, ಪಂಪ್‌ಸೆಟ್ ಕೂತಿತು. ಮನೆಗೂ ಬಾವಿಗೂ ನಡುವೆ ಅರ್ಧ ಎಕರೆಯಷ್ಟು ಜಾಗ. ಅದರಲ್ಲಿ ರಾಗಿ ಬೆಳೆಯುತ್ತಿದ್ದರು. ನೀರು ಆ ಪರಿ ಹರಿಯುವುದನ್ನು ನೋಡಿ ನನಗೆ ಕೈ ತುರಿಸತೊಡಗಿತು. ತವರಿನಲ್ಲಿ ನಾನು ನನ್ನ ಅಪ್ಪನ ಜೊತೆ ಬದನೆ, ಹುರುಳಿಕಾಯಿ ಬೆಳೆದವಳು. ಆ ಜಾಗದಲ್ಲಿ ತರಕಾರಿ ಇಡಬೇಕು, ನಾನೇ ನೋಡಿಕೊಳ್ಳಬೇಕು ಎಂದು ಅತ್ತೆಗೆ ಹೇಳಿದೆ. ಆ ಅಡುಗೆಮನೆಯಲ್ಲಿ ಇನ್ನು ಹತ್ತು ವರ್ಷ ಚೊಂಬು ಬೆಳಗಿದರೆ ನನಗೆ ಹುಚ್ಚು ಹಿಡಿಯುತ್ತದೆ ಎಂದೂ ಹೇಳಿದೆ. ಅವರು "ನಂಗೂ ಹಿಂಗೇ ಆಗ್ತಿತ್ತು" ಎಂದರು.

ಅತ್ತೆ ನನ್ನ ಮಾತನ್ನು ಹೊತ್ತು ಮಾವನ ಬಳಿಗೆ ಹೋದರು. ಒಂದು ಸಲವಲ್ಲ. ಅಡಿಕೆ ಎಲೆ ಕೊಡುವಾಗ, ಕಾಲಿಗೆ ನೀರು ಕೊಡುವಾಗ, ಉಣ್ಣಲು ಕೂತಾಗ ಮುದ್ದೆಯ ಜೊತೆಗೆ ಅದನ್ನೂ ಇಡುತ್ತಿದ್ದರು. ಮಾವ ಆಗುವುದಿಲ್ಲ ಎನ್ನಲೂ ಇಲ್ಲ, ಆಗಲಿ ಎನ್ನಲೂ ಇಲ್ಲ. ದಸರೆ ಹತ್ತಿರವಾದಾಗ ಒಂದು ದಿನ ಕೈ ತೊಳೆಯುತ್ತಾ ಹೇಳಿದರು: "ಒಂದು ಬೆಳೆ ಇಡಲಿ. ಬಂದ್ರೆ ತೋಟ ಅವಳ ಕೈಲೇ ಇರಲಿ. ಕೆಟ್ರೆ ಎತ್ತು ಕಟ್ಟಿಸಿ ಉಳೋದೇ. ಆಮೇಲೆ ಈ ಮನೇಲಿ ತೋಟದ ಮಾತು ಏಳಬಾರ್ದು ಅಂತ ಹೇಳು." ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಅತ್ತೆ ಬಂದು ಅಷ್ಟನ್ನೂ ಇನ್ನೊಂದು ಸಲ ಹೇಳಿದರು.

ಎಲೆಕೋಸು ಇಟ್ಟೆ. ಹೊಸಕೋಟೆ ಸುತ್ತಮುತ್ತ ಆಗ ಅದು ಹೊಸದಾಗಿ ಹಬ್ಬುತ್ತಿತ್ತು. ಬೆಂಗಳೂರಿನ ಮಾರ್ಕೆಟ್ಟಿಗೆ ಲಾರಿಗಳು ಹೋಗುತ್ತಿದ್ದವು. ಸಸಿ ತರಿಸಿಕೊಟ್ಟವನು ಬೇಸಾಯದ ಸಲಹೆ ಕೊಡಲು ಸೈಕಲ್ಲಿನಲ್ಲಿ ಬರುತ್ತಿದ್ದ ಸರ್ಕಾರದ ಗ್ರಾಮಸೇವಕ. ಎಲೆ ಅಗಲವಾಗುತ್ತಾ ಬಂದ ಹಾಗೆ ಅದರ ಮೇಲೆ ತೆಳ್ಳಗೆ ಬೂದಿ ಬಳಿದ ಹಾಗೆ ಕಾಣಿಸಿತು. ಅವನನ್ನು ಕೇಳಿದರೆ, "ಅದು ಕೋಸಿನ ಮೈಬಣ್ಣ ಕಣಮ್ಮ, ಮೇಣ ಇದ್ದಂಗೆ, ಹುಟ್ಟಿದಾಗಿನಿಂದ ಇರ್ತೈತೆ" ಎಂದ. ಸರಿ ಎಂದು ನಾನು ಸುಮ್ಮನಾದೆ. ಅದನ್ನು ಅತ್ತೆಗೆ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಅವರೂ ಕೇಳಲಿಲ್ಲ.

ಆ ದಿನಗಳಲ್ಲಿ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಾಲು ಕಾಯಿಸಲು ಇಟ್ಟು ತೋಟಕ್ಕೆ ಓಡುವುದು, ತೋಟದಿಂದ ಹಾಲಿಗೆ ಓಡುವುದು. ಬೆಳಿಗ್ಗೆ ಮಾವ ಹೊಲಕ್ಕೆ ಹೋಗುವ ದಾರಿ ತೋಟದ ಆಚೆ ಬದುವಿನ ಮೇಲೆಯೇ. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ನಿಧಾನವಾಗಿ ಬರುವರು. ಬದುವಿನ ಪಕ್ಕದ ಸಾಲಿನಲ್ಲಿ ಗಿಡಗಿಡಕ್ಕೂ ನಿಂತು, ಬಗ್ಗಿ, ಮುಟ್ಟಿ ನೋಡಿ ಮುಂದೆ ಹೋಗುವರು. ನಾನು ಬಾವಿಯ ಹತ್ತಿರ ನಿಂತು ಅವರ ಬೆನ್ನನ್ನೇ ನೋಡುತ್ತಿದ್ದೆ. ಏನು ಕಂಡರು, ಏನು ಅಂದುಕೊಂಡರು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಸಂಜೆ ಅತ್ತೆಯನ್ನು ಕೇಳಿದರೆ "ಏನೂ ಅನ್ನಲಿಲ್ಲ" ಎನ್ನುತ್ತಿದ್ದರು. ಆ "ಏನೂ ಅನ್ನಲಿಲ್ಲ" ಎನ್ನುವುದನ್ನು ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಮದ್ರಾಸಿನ ಕಡೆ ಸಮುದ್ರದಲ್ಲಿ ಗಾಳಿ ಎದ್ದಿತು. ಅಲ್ಲಿ ಗಾಳಿ ಎದ್ದರೆ ನಮಗೆ ಸೋನೆ ಮಳೆ. ಬಿಸಿಲಿಲ್ಲ, ಜೋರು ಮಳೆಯೂ ಇಲ್ಲ. ಮಳೆ ಬಿಟ್ಟರೆ ಮಂಜು. ಒಣಹಾಕಿದ ಬಟ್ಟೆ ಮೂರನೆಯ ದಿನವೂ ಒದ್ದೆ. ಆಗ ಮನೆಯ ಕಡೆಯ ಸಾಲುಗಳಲ್ಲಿ ಎಲೆಗಳ ಮೇಲೆ ಚುಕ್ಕೆ ಬಿತ್ತು. ಮೊದಲು ಸಾಸಿವೆ ಕಾಳಿನಷ್ಟು, ಆಮೇಲೆ ಕಾಸಿನಗಲ, ಉಂಗುರದೊಳಗೆ ಉಂಗುರ. ಮುಟ್ಟಿದರೆ ನಡುವಿನ ಭಾಗ ಕಾಗದದ ಹಾಗೆ ಹರಿಯುತ್ತಿತ್ತು. ಚುಕ್ಕೆ ಬಿದ್ದ ಎಲೆ ಕಿತ್ತೆ. ಮಾರನೆಯ ದಿನ ಪಕ್ಕದ ಎಲೆಗೆ ಬಂತು. ನೀರು ನಿಲ್ಲಿಸಿದೆ, ಕಾಲುವೆ ತಿರುಗಿಸಿದೆ, ಗಿಡಗಳ ಬುಡ ಕೆದಕಿದೆ. ಹೆದರಿಕೆಯಾದರೆ ನಾನು ಏನಾದರೂ ಮಾಡಲೇಬೇಕು. ಯಾವುದರಿಂದಲೂ ಏನೂ ಆಗಲಿಲ್ಲ.

ಗ್ರಾಮಸೇವಕ ಬಂದು ಎಲೆ ತಿರುಗಿಸಿ ತಿರುಗಿಸಿ ನೋಡಿದ. "ಬೂಷ್ಟಿನ ರೋಗ ಕಣಮ್ಮ ಇದು. ಅದರ ಬೀಜ ಕಣ್ಣಿಗೆ ಕಾಣಲ್ಲ, ಗಾಳೀಲಿ ಬಂದು ಕೂರ್ತದೆ. ಎಲೆ ಮೇಲೆ ತೇವ ನಿಂತ್ರೆ ಮೊಳಕೆ ಒಡೆದು ಒಳಕ್ಕೆ ಇಳೀತದೆ. ತೇವ ಇಲ್ದಿದ್ರೆ ಅಲ್ಲೇ ಒಣಗಿ ಸಾಯ್ತದೆ" ಎಂದ. ಮೈಲುತುತ್ತ, ಸುಣ್ಣ ಕಲಸಿದ ಔಷಧ ಹೊಡೆಯಬೇಕು, ಹೊಡೆಯುವ ಪಂಪು ಸಮೇತನಹಳ್ಳಿಗೆ ಹೋಗಿದೆ, ಬಂದ ಕೂಡಲೇ ತರುತ್ತೇನೆ ಎಂದ. ಆ ಪಂಪಿಗಾಗಿ ದಿನಗಟ್ಟಲೆ ಕಾದೆ. ರಸ್ತೆಯಲ್ಲಿ ಸೈಕಲ್ ಗಂಟೆ ಕೇಳಿದರೆ ಸಾಕು, ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದೆ. ಬರುತ್ತಿದ್ದವನು ಹಾಲಿನವನೋ ಪೋಸ್ಟ್‌ಮ್ಯಾನೋ ಆಗಿರುತ್ತಿದ್ದ. ತಾಳಿದವನು ಬಾಳಿಯಾನು ಎಂದು ನನ್ನ ಗಂಡ ಸಮಾಧಾನ ಹೇಳಿದರು. ತಾಳುವುದಕ್ಕೆ ಅವರಿಗೇನು, ಬೆಳಗಾದರೆ ಬಸ್ಸು ಹತ್ತುತ್ತಿದ್ದರು.

ಪಂಪು ಬಂತು. ಬೆನ್ನಿಗೆ ಹಾಕಿಕೊಂಡು ನಾನೇ ಹೊಡೆದೆ. ಮನೆಯ ಕಡೆಯ ಸಾಲುಗಳಲ್ಲಿ ನೀಲಿ ನೀರು ಎಲೆಯ ತುಂಬ ಹರಡಿ ಬಣ್ಣ ಬಳಿದ ಹಾಗೆ ಕೂತಿತು. ತೋಟದ ನಡುವೆ ಒಂದು ನುಗ್ಗೆಮರವಿತ್ತು. ಅದನ್ನು ದಾಟಿ ಆಚೆಯ ಸಾಲುಗಳಿಗೆ ಹೋದರೆ ಔಷಧ ನಿಲ್ಲಲೇ ಇಲ್ಲ. ಎಲೆಗೆ ಬಿದ್ದದ್ದು ಗುಂಡುಗುಂಡಾಗಿ ಉರುಳಿ ನೆಲಕ್ಕೆ ಬೀಳುತ್ತಿತ್ತು, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ. ಎರಡೆರಡು ಸಲ ಹೊಡೆದರೂ ಅಷ್ಟೇ. ಅಷ್ಟು ಕಾದು ತರಿಸಿದ ಔಷಧ ಮಣ್ಣುಪಾಲಾಗುತ್ತಿದೆಯಲ್ಲ ಎಂದು ಅಳು ಬಂತು. ಬದುವಿನ ಮೇಲಿದ್ದ ಗ್ರಾಮಸೇವಕನಿಗೆ ಕೂಗಿ ಹೇಳಿದೆ. "ಒಂದ್ ಚೂರು ಬಟ್ಟೆ ಸೋಪು ಕರಗಿಸಿ ಹಾಕಿ, ಅಂಟ್ಕೊಳ್ತದೆ" ಎಂದ.

ಮನೆಗೆ ಓಡಿ ಸೋಪಿನ ತುಂಡು ತಂದೆ. ಅದನ್ನು ಬಕೆಟ್ಟಿಗೆ ಹಾಕುವ ಮೊದಲು ಎಲ್ಲೆಲ್ಲಿಗೆ ಹೊಡೆಯಬೇಕು ಎಂದು ಆ ಸಾಲುಗಳನ್ನು ಒಮ್ಮೆ ನೋಡಿದೆ. ಚುಕ್ಕೆಯೇ ಇರಲಿಲ್ಲ. ಬಗ್ಗಿ ಬಗ್ಗಿ ನೋಡಿದೆ. ನುಗ್ಗೆಮರದಿಂದ ಆಚೆ ಗಿಡಗಳೆಲ್ಲ ನೆಟ್ಟಗಿದ್ದವು, ಮೈಮೇಲೆ ಬೂದಿ ಹಾಗೇ ಇತ್ತು. ಈಚೆ ಗಿಡಗಳಿಗೆ ಬೂದಿ ಇರಲಿಲ್ಲ. ಹಸಿರಾಗಿ ಮಿರಮಿರ ಮಿಂಚುತ್ತಿದ್ದವು, ಆ ಮಿಂಚಿನ ತುಂಬ ಚುಕ್ಕೆ. ನೀರು ನಿಂತ ಕಡೆ ರೋಗವಿತ್ತು. ನೀರು ನಿಲ್ಲದ ಕಡೆ ರೋಗವೂ ನಿಂತಿರಲಿಲ್ಲ. ತೇವ ನಿಲ್ಲದಂತೆ ನೋಡಿಕೊಂಡಿದ್ದು ಆ ಬೂದಿ.

ಗ್ರಾಮಸೇವಕನನ್ನು ಕರೆದು ತೋರಿಸಿದೆ. ಅವನೂ ಚೊಂಬಿನಲ್ಲಿ ನೀರು ತರಿಸಿ ಅಲ್ಲಿ ಸುರಿದ, ಇಲ್ಲಿ ಸುರಿದ. "ಹಂಗಾದ್ರೆ ಆ ಕಡೆಗೆ ಸೋಪು ತೋರಿಸಲೇ ಬ್ಯಾಡಿ, ಇರೋ ಮೇಣಾನೂ ತೊಳ್ದೋಗ್ತದೆ" ಎಂದ. ಆಮೇಲೆ ತಲೆ ಕೆರೆದುಕೊಂಡು, "ಈ ಕಡೇದು ಎಲ್ಲಿ ಹೋಯ್ತು ಮತ್ತೆ?" ಎಂದ. ಅದು ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಅದೇ ದಿನ ಮುಸ್ಸಂಜೆ. ದೀಪಕ್ಕೆ ಎಣ್ಣೆ ಹಾಕಲು ಅತ್ತೆಯನ್ನು ಹುಡುಕಿದರೆ ಮನೆಯಲ್ಲಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ನೋಡಿದೆ. ತೋಟದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಂಡು, ಹಳೆಯ ಸೀರೆಯ ತುಂಡಿನಿಂದ ಕೋಸಿನ ಎಲೆಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಮೇಲೆ ಒರೆಸಿ, ತಿರುಗಿಸಿ ಕೆಳಗೆ ಒರೆಸಿ, ಬಟ್ಟೆ ಹಿಂಡಿ ಮುಂದಿನ ಎಲೆಗೆ ಹೋಗುತ್ತಿದ್ದರು. ಮಗುವಿನ ಮೂತಿ ಒರೆಸುವಾಗ ಗಲ್ಲ ಹಿಡಿಯುತ್ತೇವಲ್ಲ, ಹಾಗೆ ಎಲೆಯ ತುದಿ ಹಿಡಿದಿದ್ದರು.

"ಅತ್ತೆ, ಏನ್ ಮಾಡ್ತಿದೀರಿ?" ಎಂದೆ.

ಬೆಚ್ಚಿಬಿದ್ದರು. "ಬೂದಿ ರೋಗ ಹತ್ತೈತೆ ಕಣೆ. ನಿಂಗೆ ಗೊತ್ತಾಗಿಲ್ಲ. ಹಿಂದೆ ರೇಷ್ಮೆ ಸೊಪ್ಪಿಗೆ ಹಿಂಗೇ ಬೂದಿ ಹತ್ತಿ ಸೊಪ್ಪೆಲ್ಲ ಹೋಗಿತ್ತು. ನಿಮ್ಮಾವ ಕಂಡ್ರೆ ತೋಟ ಕಿತ್ಕೊಂತಾರೆ ಅಂತ ದಿನಾ ನೀನು ಒಲೆ ಮುಂದಿರೋವಾಗ ಒಂದೋ ಎರಡೋ ಸಾಲು ಒರೆಸ್ತಾ ಬಂದೆ. ಮೊಣಕಾಲು ನೋವು, ನುಗ್ಗೆಮರ ದಾಟಕ್ಕಾಗಿಲ್ಲ ಇನ್ನೂ. ನಾಳೆ ಆ ಕಡೇದು ಶುರು ಮಾಡ್ತೀನಿ."

ನನ್ನ ಸಿಟ್ಟಿಗೆ ಹಿಂದು ಮುಂದು ಇರಲಿಲ್ಲ. ಚೊಂಬನ್ನು ಕಾಲಿನಿಂದ ಒದ್ದೆ. ನೀವು ಒರೆಸಿದ್ದಕ್ಕೇ ರೋಗ ಬಂದದ್ದು, ನಿಮ್ಮ ಕೈಗೆ ಸುಮ್ಮನಿರಲು ಬರುವುದಿಲ್ಲವೇ, ನೀವು ಮುಟ್ಟದ ಗಿಡಗಳೆಲ್ಲ ಚೆನ್ನಾಗಿವೆ, ಹೋಗಿ ನೋಡಿ ಎಂದು ಒದರಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಿರಿ ಎಂದೂ ಅಂದೆ. ಅವರು ಬಟ್ಟೆಯನ್ನು ಹಿಂಡಿ, ಮಡಚಿ, ಎದ್ದು ಮನೆಗೆ ಹೋದರು. ಸೊಸೆ ಅತ್ತೆಗೆ ಹಾಗೆ ಅನ್ನುವ ಕಾಲ ಅದಲ್ಲ. ಆದರೆ ಅಂದುಬಿಟ್ಟಿದ್ದೆ.

ಆಮೇಲೆ ನಮ್ಮಿಬ್ಬರ ನಡುವೆ ಮಾತು ನಿಂತಿತು. ಅವರು ಗುಡಿಸಿದ್ದನ್ನು ನಾನು ಮತ್ತೆ ಗುಡಿಸಲಿಲ್ಲ, ನಾನು ಬೆಳಗಿದ್ದನ್ನು ಅವರೂ ಮುಟ್ಟಲಿಲ್ಲ. ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿರಲಿಲ್ಲ. ಮಾವ ಹೇಳುವ "ಹೇಳೆ ಅವಳಿಗೆ" ಕೂಡ ಅರ್ಧ ದಾರಿಯಲ್ಲೇ ನಿಂತುಹೋಗುತ್ತಿತ್ತು. ಅವರು ಹೇಳುವರು, ಅತ್ತೆ ಸುಮ್ಮನಿರುವರು, ನಾನೇ ಕೇಳಿಸಿಕೊಂಡು ಮಾಡುವೆನು.

ಅಷ್ಟರಲ್ಲಿ ಈಚೆ ಸಾಲುಗಳ ಹಳೆಯ ಎಲೆಗಳು ಕಂದಿ ಜೋತುಬಿದ್ದವು. ಮಾವ ಮನೆಯ ಜಗಲಿಯಿಂದಲೇ ಅದನ್ನು ನೋಡುತ್ತಿದ್ದರು. ಒಂದು ಸಂಜೆ ಎಲೆಗೆ ಸುಣ್ಣ ಹಚ್ಚುತ್ತಾ, "ನಾಳೆ ಬೆಳಿಗ್ಗೆ ತೋಟ ನೋಡ್ತೀನಿ. ಎತ್ತು ಕಟ್ಟಿಸೋದೋ ಬ್ಯಾಡವೋ ನಾಳೆ ಗೊತ್ತಾಗ್ತದೆ" ಎಂದು ಕಂಬಕ್ಕೆ ಹೇಳಿದರು.

ಬೆಳೆ ಕೆಟ್ಟದ್ದು ಕೋಸಿನಿಂದಲ್ಲ, ನನ್ನಿಂದಲ್ಲ ಎಂದು ಅವರಿಗೆ ತಿಳಿಸಬೇಕಾಗಿತ್ತು. ಆದರೆ ನನ್ನ ಮಾತು ಮಾವನ ಕಿವಿಗೆ ಹೋಗಬೇಕಾದರೆ ಅತ್ತೆಯ ಬಾಯಿಯಿಂದಲೇ ಹೋಗಬೇಕು. ಇದು ಅತ್ತೆಯ ಕೈಯಿಂದಲೇ ಆದದ್ದು ಎನ್ನುವುದನ್ನು ಅತ್ತೆಯೇ ಹೇಗೆ ಹೇಳಿಯಾರು? ನನ್ನ ಗಂಡನಿಗೆ ಹೇಳಿ ಹೇಳಿಸಬಹುದಿತ್ತು. ಅವರೂ, "ನಾನು ಬೇಕಾದ್ರೆ ಹೇಳ್ತೀನಿ" ಎಂದು ಎರಡು ಸಲ ಎಂಜಲು ನುಂಗಿದರು. ಬೇಡ ಎಂದೆ. ನನಗಾಗಿ ಮಾವನ ಮುಂದೆ ತಿಂಗಳುಗಟ್ಟಲೆ ಮಾತಾಡಿದವರು ಅತ್ತೆ. ಮಗನ ಬಾಯಿಂದ ಅವರ ಮಾನ ತೆಗೆಸುವುದು ನನಗೆ ಬೇಡವಾಗಿತ್ತು. ಹಾಗೆಂದು ನಾನೇನು ದೊಡ್ಡ ಮನಸ್ಸು ಮಾಡಿ ತೋಟ ಬಿಟ್ಟುಕೊಡಲು ತಯಾರಾಗಿದ್ದೆ ಎಂದುಕೊಳ್ಳಬೇಡಿ. ತೋಟ ಬೇಕೇ ಬೇಕಿತ್ತು. ಅತ್ತೆ ಹೇಳಲಿ ಎಂದೂ ಆಸೆ, ಹೇಳದಿರಲಿ ಎಂದೂ ಆಸೆ. ಹಿತ್ತಿಲಿಗೂ ಪಡಸಾಲೆಗೂ ನಡುವೆ ಎಷ್ಟು ಸಲ ಓಡಾಡಿದೆನೋ.

ಅತ್ತೆ ಅಡುಗೆಗೆಂದು ಅಟ್ಟ ಹತ್ತಿದರು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಏಣಿಯ ಕೆಳಗೆ ನಿಂತು ನೋಡಿದೆ. ಒಂದು ಬೂದುಗುಂಬಳಕಾಯಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅವರು ಏನೂ ಮಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಕಾಯಿಯ ಒಂದು ಮಗ್ಗುಲಲ್ಲಿ ಬೂದಿ ಉಜ್ಜಿಹೋಗಿತ್ತು, ಯಾವಾಗಲೋ ತೊಲೆಗೆ ತಾಗಿರಬೇಕು. ಅಷ್ಟು ಜಾಗ ಮಾತ್ರ ಮೆತ್ತಗಾಗಿ ಕಪ್ಪು ಹಿಡಿದಿತ್ತು.

"ಇದರ ಬೂದಿ ಮುಟ್ಟಬಾರ್ದು ಅಂತ ನಿನ್ನ ಕೈ ಹಿಡಿದೋಳು ನಾನೇ ಅಲ್ವೇನೆ" ಎಂದರು. "ಇದನ್ನ ಕಾಪಾಡಿದ ಕೈಲೇ ಅದನ್ನ ಒರೆಸಿದ್ನಲ್ಲ."

"ಬಿಡಿ ಅತ್ತೆ" ಎಂದೆ. "ನಾನೂ ನಿಮಗೆ ಹೇಳಲಿಲ್ಲ, ಅದು ಕೋಸಿನ ಬಣ್ಣವೇ ಅಂತ. ಅವತ್ತು ಹಂಗೆಲ್ಲ ಅನ್ನಬಾರ್ದಿತ್ತು."

"ಅಂದೆ, ಸರಿಯಾಗೇ ಅಂದೆ. ಕಾಯಿ ಹಿಡ್ಕೊ, ಇಳೀತೀನಿ. ತೊಟ್ಟು ಹಿಡಿ."

ಮಾರನೆಯ ಬೆಳಿಗ್ಗೆ ಮಂಜು ಬಾವಿಯವರೆಗೂ ಕಾಣದಷ್ಟು ದಟ್ಟವಾಗಿತ್ತು. ಮಾವ ಮುಂದೆ, ಅವರ ಹಿಂದೆ ಅತ್ತೆ, ಕೈಯಲ್ಲಿ ನೀರಿನ ಬಿಂದಿಗೆ. ನಾನು ಸೆರಗು ಎಳೆದುಕೊಂಡು ಹತ್ತು ಮಾರು ಹಿಂದೆ. ಬಿಂದಿಗೆ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮಾವ ಮನೆಯ ಕಡೆಯ ಸಾಲಿನ ಮುಂದೆ ನಿಂತರು. ಕಂದಿದ ಎಲೆಗಳನ್ನು ಕೋಲಿನಿಂದ ಎತ್ತಿ ನೋಡಿದರು. ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ, ಅಷ್ಟು ಹೇಳಲೇಬೇಕು.

"ಹೇಳೆ ಅವಳಿಗೆ. ನಾಡಿದ್ದು ಎತ್ತು ಕಟ್ಟಿಸ್ತೀನಿ."

ಅತ್ತೆ ನನ್ನ ಕಡೆ ತಿರುಗಲಿಲ್ಲ. ಮಾವನ ಮಾತಿಗೆ ಅವರು ತಾವೇ ಉತ್ತರ ಕೊಡಲು ನಿಂತದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಬಗ್ಗಿ ಎದುರಿನ ಕೋಸಿನ ಮೇಲೆ ನೀರು ಸುರಿದರು. ನೀರು ಎಲೆಯ ತುಂಬ ಹರಡಿ ನಿಂತಿತು. ನಂತರ ನುಗ್ಗೆಮರ ದಾಟಿ ಹೋಗಿ ಅಲ್ಲಿ ಸುರಿದರು. ಹನಿಗಳು ಉರುಳಿ ಬಿದ್ದು ಎಲೆ ಒಣಗಿಯೇ ಉಳಿಯಿತು.

"ಇದನ್ನ ಮುಟ್ಟಿಲ್ಲ, ಚೆನ್ನಾಗೈತೆ. ಅದನ್ನ ನಾನು ಒರೆಸಿದೆ, ಕೆಟ್ಟೋಯ್ತು. ಬೂದಿ ರೋಗ ಅಂದ್ಕೊಂಡು ನಿಮಗೆ ಕಾಣದಂಗೆ ದಿನಾ ಸಂಜೆ ಒರೆಸಿದೆ. ಅವಳ್ದೇನೂ ತಪ್ಪಿಲ್ಲ. ಉಳೋದಾದ್ರೆ ನನ್ನ ಕೈ ಕಡ್ದು ಉಳಿ" ಎಂದರು.

ಮಾವ ಹೆಂಡತಿಯ ಮಾತನ್ನು ಹಾಗೆಯೇ ಒಪ್ಪಿಕೊಂಡು ಬಿಡುವವರಲ್ಲ. ತೋಟವನ್ನು ಅಡ್ಡಲಾಗಿ ನಡೆದು ಆಚೆ ಬದುವಿನ ಹತ್ತಿರ ಹೋದರು. ನಾವಿಬ್ಬರೂ ಹಿಂದೆ ಹೋದೆವು. ಅಲ್ಲಿ ನಿಂತು ಬಗ್ಗಿ ನೋಡಿ, ತಟ್ಟನೆ ನೆಟ್ಟಗಾದರು.

"ಹಂಗಾರೆ ಇದೇನು?" ಎಂದರು. ಔಷಧ ಹೊಡೆದ ದಿನ ನಾನು ಆ ಕೊನೆಯ ಸಾಲಿನವರೆಗೆ ಹೋಗಿ ನೋಡಿರಲಿಲ್ಲ. ಬದುವಿನ ಪಕ್ಕದ ಸಾಲಿನಲ್ಲಿ ಗಿಡಕ್ಕೊಂದು ಎಲೆಯಲ್ಲಿ ಚುಕ್ಕೆ ಇತ್ತು. ಎಲೆಯ ತುಂಬ ಅಲ್ಲ. ಒಂದು ಬೆರಳಿನಷ್ಟು ಅಗಲಕ್ಕೆ, ಗೀಟು ಎಳೆದ ಹಾಗೆ, ಆ ಗೀಟಿನ ಉದ್ದಕ್ಕೂ ಚುಕ್ಕೆ. ಪಕ್ಕದ ಎಲೆಗಳಿಗೆ ಏನೂ ಆಗಿರಲಿಲ್ಲ. "ಇಲ್ಲೂ ನಿನ್ನ ಕೈ ಬಂದಿತ್ತೇನು?"

"ಇಲ್ಲ" ಎಂದರು ಅತ್ತೆ. "ಮರದಿಂದಾಚೆ ನಾನು ಬಂದೇ ಇಲ್ಲ."

ನನಗೆ ಎಲ್ಲ ಮುಗಿಯಿತು, ನಾವು ಅಂದುಕೊಂಡದ್ದೇ ತಪ್ಪು ಎನ್ನಿಸಿತು. ಮಾವ ಮುಂದಿನ ಗಿಡಕ್ಕೆ ಹೋದರು, ಅದರ ಮುಂದಿನದಕ್ಕೆ ಹೋದರು. ಅಲ್ಲಿ ಹೊಸದಾಗಿ ಬಿಚ್ಚಿದ ಒಂದು ಎಲೆ ಬೂದಿ ಹೊತ್ತು ಶುಭ್ರವಾಗಿತ್ತು. ಯೋಚನೆ ಮಾಡುತ್ತಲೇ ಅವರ ಬಲಗೈ ಮುಂದೆ ಚಾಚಿತು. ಎಡಗೈ ಬೆರಳಿನಿಂದ ಎಲೆಯ ತುದಿ ಹಿಡಿದು, ಬಲಗೈ ಹೆಬ್ಬೆರಳನ್ನು ಅದರ ಮೇಲಿಂದ ಕೆಳಕ್ಕೆ ಒಂದು ಸಲ ಒತ್ತಿ ಎಳೆದರು, ವೀಳ್ಯದೆಲೆ ಒರೆಸುವ ಹಾಗೆಯೇ. ಬೂದಿಯ ನಡುವೆ ಬೆರಳಗಲದ ಹಸಿರು ಗೀಟು ಬಿತ್ತು.

ಅವರ ಕೈ ಹಾಗೇ ನಿಂತಿತು. ಮಂಜಿನ ನೀರು ಪಕ್ಕದ ಬೂದಿಯ ಮೇಲೆ ಹನಿಯಾಗಿತ್ತು. ಅವರು ಎಳೆದ ಗೀಟಿನಲ್ಲಿ ಮಾತ್ರ ಹರಡಿಕೊಂಡಿತು. ಮಾವ ಅದನ್ನು ನೋಡಿದರು. ಹಿಂದಿನ ಗಿಡದ ಗೀಟನ್ನು ನೋಡಿದರು. ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ನಾವು ಮೂವರೂ ಆ ಹೆಬ್ಬೆರಳನ್ನೇ ನೋಡುತ್ತಾ ನಿಂತಿದ್ದೆವು. ನನಗೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬರುತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅತ್ತೆ ಬಿಂದಿಗೆಯನ್ನು ಕೆಳಗಿಟ್ಟು ಬೇರೆ ಕಡೆ ಮುಖ ತಿರುಗಿಸಿದರು. ಅವರ ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಹೇಳಲಾಗದು.

ಮಾವ ಬೆರಳನ್ನು ಪಂಚೆಗೆ ಒರೆಸಿಕೊಂಡು ಬದು ಹತ್ತಿ ಹೊಲಕ್ಕೆ ಹೋದರು. ಎತ್ತು ಕಟ್ಟಿಸುವ ಮಾತು ಮತ್ತೆ ಬರಲಿಲ್ಲ. ತೋಟ ನಿನ್ನದು ಎನ್ನುವ ಮಾತೂ ಬರಲಿಲ್ಲ. ಆ ನಡುವೆ ನಾನು ಪಟ್ಟ ತಳಮಳ ರೋಗ ಬಂದಾಗಲೂ ಪಟ್ಟಿರಲಿಲ್ಲ. ಈಚೆ ಸಾಲುಗಳ ಕೆಟ್ಟ ಎಲೆಗಳನ್ನೆಲ್ಲ ಕಿತ್ತು ಸುಟ್ಟೆ. ಒರೆಸುವುದು ನಿಂತ ಮೇಲೆ ಬಂದ ಸುಳಿ ಎಲೆಗಳು ಮತ್ತೆ ಬೂದಿ ಹೊತ್ತೇ ಬಂದವು. ಅವುಗಳನ್ನು ನೋಡಲು ಹೋದಾಗ ನನ್ನ ಕೈಯೂ ತಾನಾಗಿ ಮುಂದೆ ಹೋಗುತ್ತಿತ್ತು. ಅದಕ್ಕೆಂದೇ ನಾನೂ ಅತ್ತೆಯೂ ಬದುವಿನ ಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದನ್ನು ಅಭ್ಯಾಸ ಮಾಡಿಕೊಂಡೆವು. ಕೈ ಕೆಸರಾದರೆ ಬಾಯಿ ಮೊಸರು ಎಂದು ಕೇಳಿ ಬೆಳೆದ ನಮಗೆ ಅದರಷ್ಟು ಕಷ್ಟದ ಕೆಲಸ ಬೇರೆ ಇರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಮಾವ ಜಾಲಿಮುಳ್ಳು ಕಡಿದು ತಂದು ತೋಟದ ಸುತ್ತ ಬೇಲಿ ಕಟ್ಟುತ್ತಿದ್ದರು. ಬದುವಿನ ಉದ್ದಕ್ಕೂ ಕಟ್ಟಿದರು, ಮನೆಯ ಕಡೆಗೂ ಕಟ್ಟಿ ಒಳಗೆ ಹೋಗಲು ಬಿದಿರಿನ ಬಾಗಿಲಿನಂಥ ಒಂದು ಪಡಿ ಇಟ್ಟರು. ನಮ್ಮ ದನಗಳು ಆ ಕಡೆ ಹಾಯುತ್ತಲೇ ಇರಲಿಲ್ಲ. "ದನ ಬರಲ್ವಲ್ಲ, ಯಾಕೆ ಬೇಲಿ?" ಎಂದು ಅತ್ತೆ ಕೇಳಿದರು. "ದನಕ್ಕಲ್ಲ, ನಮಗೆ" ಎಂದರು ಮಾವ.

ಬೇಲಿ ಮುಗಿದ ದಿನ ನಾನು ಒಳಗೆ ಗಿಡಗಳ ನಡುವೆ ಇದ್ದೆ. ಅತ್ತೆ ಮನೆಯಲ್ಲಿದ್ದರು. ಸುತ್ತ ಎಲ್ಲೂ ಕಂಬವಿರಲಿಲ್ಲ. ಮಾವ ಪಡಿಯ ಆಚೆ ಬಂದು ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕೆಮ್ಮಿದರು. ನಾನು ಗಡಬಡಿಸಿ ಸೆರಗು ಎಳೆದುಕೊಂಡೆ.

"ಒಳಕ್ಕೆ ಬರಬಹುದೇನಮ್ಮ?" ಎಂದರು. ನನ್ನನ್ನೇ ಕೇಳಿದರು.